ಎತ್ತರಿಸಿದ ಜೀಪು, ಮುಂದಿನ ಕಬ್ಬಿಣ

ನಮ್ಮ ಕಾಸರಗೋಡಿನ ಗುಡ್ಡದ ದಾರಿಯಲ್ಲಿ ಎತ್ತರಿಸಿದ ಜೀಪು ಕಂಡರೆ ಮಕ್ಕಳು ಇಂದಿಗೂ ತಿರುಗಿ ನೋಡುತ್ತಾರೆ. ಈ ಕೆಲಸದ ಬೇರು ಜೀಪಿನ ಹುಟ್ಟಿನಲ್ಲೇ ಇದೆ.

1941ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಬಂದ ವಿಲ್ಲಿಸ್ ಜೀಪಿನ ನಾಲ್ಕೂ ಗಾಲಿಗಳಿಗೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. 1940ರ ದಶಕದ ಕೊನೆಗೆ ಮಹೀಂದ್ರಾದವರು ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿದರು. ಸರಳ ರಚನೆ, ಕಮ್ಮಾರನಿಗೂ ಕೈಹಾಕುವ ಧೈರ್ಯ. ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದರೆ, ಶ್ಯಾಕಲ್ ಉದ್ದ ಮಾಡಿದರೆ ಬಾಡಿ ಮೇಲೇರುತ್ತದೆ, ಅಡಿಗೆ ಕಲ್ಲು ತಗಲುವುದಿಲ್ಲ. ಆದರೆ ಭಾರದ ಕೇಂದ್ರವೂ ಮೇಲೇರುತ್ತದೆ; ತಿರುವಿನಲ್ಲಿ ಮಗುಚುವ ಭಯ.

ಬಂಪರಿನ ಕಥೆ ಬೇರೆ. ಏರ್‌ಬ್ಯಾಗ್ ಬಂದ ಮೇಲೆ ಮುಂದೆ ಕೂರಿಸಿದ ಗಟ್ಟಿ ಕಬ್ಬಿಣ ಅದರ ಸೆನ್ಸರಿಗೆ ಅಡ್ಡಿ, ನಡೆದುಹೋಗುವವರಿಗೆ ಅಪಾಯ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ, ಕೇರಳದಿಂದಲೇ ಹೋದ ಮೊಕದ್ದಮೆಯಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸಬಾರದೆಂದು ಸುಪ್ರೀಂ ಕೋರ್ಟು ಹೇಳಿತು.

ಜೀಪಿನವರಿಗೆ ಇದು ನುಂಗಲಾರದ ತುತ್ತು. ನಾವೂ ಜೀಪಿನ ಹಿಂದೆ ಜೋತಾಡಿ ಶಾಲೆಗೆ ಹೋದವರೇ. ಆದರೂ ಸಂಜೆ ಶಾಲೆ ಬಿಟ್ಟಾಗ, ಆ ಕಬ್ಬಿಣ ಒಂದನೇ ಕ್ಲಾಸಿನ ಮಕ್ಕಳ ಎದೆಮಟ್ಟಕ್ಕೆ ಬರುವುದನ್ನು ಕಂಡರೆ ಕೋರ್ಟು ಹೇಳಿದ್ದೇ ಸರಿ ಅನ್ನಿಸುತ್ತದೆ.