ಕನ್ನಡಿ ಹಿಡಿದವಳು ಶಾಂತಲೆಯೆ?

ಬೇಲೂರಿನ ದರ್ಪಣಸುಂದರಿಯ ಛಾಯಾಚಿತ್ರವನ್ನು ನೋಡದ ಕನ್ನಡಿಗರು ವಿರಳ. ಗುಡಿಯಲ್ಲಿ ಆಕೆಯನ್ನು ತೋರಿಸಿ "ಇವಳೇ ಶಾಂತಲೆ, ಕಡೆದವನು ಜಕಣಾಚಾರಿ" ಎನ್ನುವ ಮಾತೂ ನಮಗೆ ಹೊಸದಲ್ಲ. 1964ರ 'ಅಮರಶಿಲ್ಪಿ ಜಕಣಾಚಾರಿ' ಪೂರ್ಣ ವರ್ಣದ ಮೊದಲ ಕನ್ನಡ ಚಿತ್ರ. ಐತಿಹ್ಯಕ್ಕೆ ಅದು ಬಣ್ಣವನ್ನೇ ಬಳಿಯಿತು!

ಶಾಂತಲೆ ಕಟ್ಟುಕಥೆಯವಳಲ್ಲ. ವಿಷ್ಣುವರ್ಧನನ ಪಟ್ಟದರಸಿ, ಗೀತ ನೃತ್ಯಗಳಲ್ಲಿ ಆಕೆಗಿದ್ದ ಜಾಣ್ಮೆಯನ್ನು ಶಾಸನಗಳು ಹೊಗಳುತ್ತವೆ. 1117ರಲ್ಲಿ ಅರಸನು ಚೆನ್ನಕೇಶವನನ್ನು ಪ್ರತಿಷ್ಠಿಸಿದಾಗ, ಪಕ್ಕದ ಕಪ್ಪೆ ಚೆನ್ನಿಗರಾಯನ ಪ್ರತಿಷ್ಠೆ ಆಕೆಯದಾಯಿತು. ಆದರೆ ಮದನಿಕೆಯರಲ್ಲಿ ಒಬ್ಬಳಾದರೂ ಆಕೆಯ ಪ್ರತಿರೂಪವೆಂದು ಹೇಳುವ ಶಾಸನವಿಲ್ಲ. ಅಲ್ಲಿನ ರೂವಾರಿಗಳ ರುಜುಗಳಲ್ಲಿ ಜಕಣಾಚಾರಿಯದೂ ಇಲ್ಲ.

ಇರುವ ಹೆಸರುಗಳೇ ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ — ಇವರು ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೊರೆದಿದ್ದಾರೆ. ಚಾವಣನ ಗತ್ತನ್ನು ನೋಡಿ: ಬಿರುದು ಹೊತ್ತ ರೂವಾರಿಗಳೆಲ್ಲ ಮನ್ಮಥರಾದರೆ ತಾನು ಅವರ ಪಾಲಿನ ಮಹೇಶ್ವರನಂತೆ! ಚೆಲುವೆಯರನ್ನು ಕಡೆಯುವುದೇ ಕಸುಬಾದವನು ಕಾಮನನ್ನು ಸುಟ್ಟವನ ಹೆಸರನ್ನು ಆರಿಸಿಕೊಂಡದ್ದು ನನಗಂತೂ ಬಹಳ ಮೆಚ್ಚಿಕೆಯಾಯಿತು.

ಅವರು ಯಾರೊಬ್ಬಳ ಮುಖವನ್ನೂ ಕಡೆಯಹೊರಟವರಲ್ಲವೆಂದು ನನ್ನ ಎಣಿಕೆ. ಹೊರಸುತ್ತಿನ 38 ಮದನಿಕೆಯರೂ ಮುಖದಲ್ಲಿ ಅಕ್ಕತಂಗಿಯರು. ವ್ಯತ್ಯಾಸವೆಲ್ಲ ಮೈಯ ತಿರುವಿನಲ್ಲಿ. ಒಬ್ಬಳು ಗಿಳಿಯೊಡನೆ ಮಾತಿಗೆ ನಿಂತಿದ್ದಾಳೆ. ಇನ್ನೊಬ್ಬಳ ಸೀರೆಯನ್ನು ಕೋತಿ ಜಗ್ಗುತ್ತಿದೆ. ಮತ್ತೊಬ್ಬಳು ಬೇಟೆಗೆ ಹೊರಟಿದ್ದಾಳೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಒಡವೆಯ ಮಣಿಮಣಿಯನ್ನೂ ಬಿಡಿಸಲು ಅದು ಒಪ್ಪಿತು.

ಛಾಯಾಚಿತ್ರದ ತಕರಾರು ಇಲ್ಲಿಯೇ. ಕಂಬದ ತಲೆಗೂ ಸೂರಿಗೂ ನಡುವೆ, ಮುಂದಕ್ಕೆ ಓರೆಯಾಗಿ ಇವರನ್ನು ನಿಲ್ಲಿಸಿದ್ದಾರೆ. ಜಗತಿಯ ಮೇಲೆ ಪ್ರದಕ್ಷಿಣೆ ಬರುವವರು ಕತ್ತೆತ್ತಿ, ಒಬ್ಬಳಿಂದ ಮತ್ತೊಬ್ಬಳಿಗೆ ಸಾಗುತ್ತ ನೋಡಬೇಕು. ಕ್ಯಾಮೆರಾ ಅವರಲ್ಲಿ ಒಬ್ಬಳನ್ನು ಹೆಕ್ಕಿ, ನಮ್ಮ ಕಣ್ಣಿನ ಮಟ್ಟಕ್ಕೆ ಇಳಿಸಿ, ತಲೆಯ ಮೇಲಿನ ಎಲೆಬಳ್ಳಿಯ ಚಪ್ಪರವನ್ನೂ ಕತ್ತರಿಸಿಬಿಡುತ್ತದೆ. ಒಂಟಿಯಾಗಿ ನಿಂತ ಹೆಣ್ಣನ್ನು ಕಂಡರೆ "ಯಾರಿವಳು?" ಎಂದು ಕೇಳದಿರುವುದು ಕಷ್ಟ; ಕೇಳಿದವರಿಗೆ ರಾಣಿಯ ಹೆಸರು ಸಿದ್ಧವಾಗಿಯೇ ಇದೆ.

2023ರಲ್ಲಿ ಬೇಲೂರು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈಗ ಬಂದವರೆಲ್ಲರ ಕೈಯಲ್ಲೂ ಕ್ಯಾಮೆರಾ. ದಾಸೋಜ ಹೆಸರು ಕೊರೆದ ಪೀಠದ ಅಂಚು ಮಾತ್ರ ಹೆಚ್ಚಿನ ಪಟಗಳಲ್ಲಿ ಚೌಕಟ್ಟಿನ ಹೊರಗೇ ಉಳಿಯುತ್ತದೆ.