ಸವಣೂರಿನ ಬಾವಿಗಳು

ನಮ್ಮ ತಾಲೂಕಿನ ಸವಣೂರಿಗೆ ದೂರದೂರಿನ ಪ್ರವಾಸಿಗಳು ಬರುತ್ತಾರೆ. ಹೆಚ್ಚಿನವರು ದೊಡ್ಡಹುಣಸೆಮರದ ಕಲ್ಮಠಕ್ಕೆ ಹೋಗಿ, ಮರದ ಬುಡಕ್ಕೆ ನಿಂತು ಫೋಟೊ ತೆಗೆಸಿಕೊಂಡು, ಪೇಟೆಯಲ್ಲಿ ಖಾರಾ ಕಟ್ಟಿಸಿಕೊಂಡು ಸಂಜೆಯೊಳಗೆ ಹೊರಟುಬಿಡುತ್ತಾರೆ. ನಾವು ಹುಣಸೆ ಎಂದು ಕರೆಯುವ ಆ ಮರ ನಿಜಕ್ಕೂ ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಮೂರು ಮರಗಳಲ್ಲಿ ಒಂದು 2023ರ ಜುಲೈನಲ್ಲಿ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಪತ್ರಿಕೆಗಳಲ್ಲೆಲ್ಲ ಆ ಸುದ್ದಿ ಬಂತು. ನೋಡಿ ಹೋಗುವವರಿಗೆ ಮರ ಸಾಕು. ಇಲ್ಲಿಯೇ ಹುಟ್ಟಿ ಬಾಳಿದವರ ಬದುಕು ಹೇಗಿತ್ತು ಎಂಬುದನ್ನು ಮಾತ್ರ ಬೇರೆ ಕಡೆ ಹುಡುಕಬೇಕು.

ಪುಸ್ತಕಗಳ ತುಂಬ ಕಾಳಗಗಳೇ ಇವೆ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯನ ಸೈನ್ಯ ಊರಿಗೆ ಮುತ್ತಿಗೆ ಹಾಕಿತು. ಜೊತೆಗೆ ನಿಜಾಮರ ಪರವಾಗಿ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೂ ಇದ್ದವು. 1786ರಲ್ಲಿ ಟಿಪ್ಪುವಿಗೂ ಮರಾಠರಿಗೂ ಯುದ್ಧವಾದಾಗ ನವಾಬರು ಊರನ್ನೇ ಬಿಟ್ಟು ಮರಾಠರ ಆಶ್ರಯ ಪಡೆಯಬೇಕಾಯಿತು. ದೊರೆ ಊರು ಬಿಡಬಹುದು. ನೇಕಾರ, ಕುಂಬಾರ, ಒಕ್ಕಲಿಗ ಎಲ್ಲಿಗೆ ಹೋಗಬೇಕು? ಅವರ ಹೆಸರು ಯಾವ ಸಂಧಿಪತ್ರದಲ್ಲಿಯೂ ಬರುವುದಿಲ್ಲ.

ನನಗೆ ಸವಣೂರಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡದೆನಿಸಿದ್ದು ಬ್ರಿಟಿಷರ ಕಾಲದ ಗೆಜೆಟಿಯರಿನ ಎರಡೇ ಸಾಲಿನ ಸಂಗತಿ. ಊರಿನ ವಿಸ್ತಾರ ಮುಕ್ಕಾಲು ಚದರ ಮೈಲಿ, ಸುತ್ತ ಕಂದಕ, ಎಂಟು ಅಗಸಿ ಬಾಗಿಲು, ಅವುಗಳಲ್ಲಿ ಮೂರು ಹಾಳು. 1868ರಿಂದ 1876ರವರೆಗೆ ಓಣಿಗಳನ್ನು ಅಗಲ ಮಾಡಿ ಖಡಿ ಹಾಕಿದರು, ಹಳೆಯ ಬಾವಿ, ಹೊಂಡಗಳನ್ನು ದುರಸ್ತಿ ಮಾಡಿದರು. ಇಷ್ಟೇ. ಆದರೆ ಆ 1876ರಲ್ಲಿಯೇ ಮಳೆ ಕೈಕೊಟ್ಟು ನಮ್ಮ ಭಾಗವನ್ನು ಮಹಾ ಬರಗಾಲ ಹಿಡಿಯಿತೆಂಬುದನ್ನು ನೆನೆದರೆ, ಹೂಳು ತೆಗೆದ ಒಂದು ಬಾವಿಯ ಬೆಲೆ ತಿಳಿಯುತ್ತದೆ. ಗೆದ್ದ ಕಾಳಗಕ್ಕಿಂತ ನಾನು ಈ ಎಂಟು ವರ್ಷದ ಕೆಲಸವನ್ನೇ ಮೇಲೆಂದು ಎಣಿಸುತ್ತೇನೆ.

ಸವಣೂರು ಎಲೆಗೆ ಹೆಸರು ಬಂದದ್ದೂ ನೀರಿನಿಂದಲೇ. ಎಲೆಬಳ್ಳಿ ಜೋಳದಂತಲ್ಲ, ಒಂದು ಮಳೆಗಾಲ ನಂಬಿ ಬೆಳೆಯುವುದಿಲ್ಲ. ವರ್ಷವಿಡೀ ತಂಪು ಬೇಕು, ನೆರಳು ಬೇಕು, ಬೇಸಿಗೆಯಲ್ಲಿಯೂ ಬಾವಿಯಲ್ಲಿ ನೀರು ನಿಂತಿರಬೇಕು. ಬಾವಿ ಬತ್ತಿದರೆ ತೋಟ ಹೋಯಿತು, ತೋಟದ ಹಿಂದೆ ಎಲೆ ಕೊಯ್ಯುವವರ, ಪೆಂಡಿ ಕಟ್ಟುವವರ ಕೂಲಿಯೂ ಹೋಯಿತು. ಊಟವಾದ ಮೇಲೆ ಎಲೆ ಹಾಕಿಕೊಳ್ಳುವವರು ಇದನ್ನು ಯೋಚಿಸುವುದು ಕಡಿಮೆ!

ನೀರಿನ ನಂತರ ಶಾಲೆ. ಸುಮಾರು 70 ಚದರ ಮೈಲಿಯ ಪುಟ್ಟ ಸಂಸ್ಥಾನವಾದರೂ ಸವಣೂರಿನಲ್ಲಿ ಮಜೀದ್ ಹೈಸ್ಕೂಲು ಇತ್ತು. 1909ರಲ್ಲಿ ಇದೇ ಊರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಅಲ್ಲಿಯೇ ಓದಿ, ಮುಂದೆ ಜ್ಞಾನಪೀಠ ಪ್ರಶಸ್ತಿಯವರೆಗೆ ಏರಿದರು. 1948ರಲ್ಲಿ ಸಂಸ್ಥಾನ ವಿಲೀನವಾಗಿ ನಾವು ಧಾರವಾಡ ಜಿಲ್ಲೆಗೆ ಸೇರಿದೆವು, 1997ರಲ್ಲಿ ಹಾವೇರಿ ಜಿಲ್ಲೆಗೆ. ಆದರೂ ಬಹುಕಾಲ ಹಳ್ಳಿಯ ಮಕ್ಕಳಿಗೆ ಹೈಸ್ಕೂಲೆಂದರೆ ಬುತ್ತಿ ಕಟ್ಟಿಕೊಂಡು ಪೇಟೆಯ ದಾರಿ ಹಿಡಿಯುವುದೇ ಆಗಿತ್ತು. ಹುಡುಗರು ಹೇಗೋ ನಡೆದು ಹೋದರು. ಹೆಣ್ಣುಮಕ್ಕಳ ಓದು ಏಳನೆಯ ಇಯತ್ತೆಗೇ ನಿಂತಿತು. ಐವತ್ತು ವರ್ಷದ ಹಿಂದೆ ನಮ್ಮೂರಿನಲ್ಲಿಯೇ ಈ ಶಾಲೆಯ ಬಾಗಿಲು ತೆರೆದಾಗ ಮೊದಲು ಬದಲಾದದ್ದು ಅದು. ಮನೆಗೆಲಸ ಮುಗಿಸಿ, ಗಂಟೆ ಬಾರಿಸಿದ ಮೇಲೆ ಓಡಿ ಬಂದರೂ ಹಾಜರಿ ಸಿಗುವಷ್ಟು ಹತ್ತಿರ ಶಾಲೆ ಬಂದಿತ್ತು.

ಈ ಸುವರ್ಣ ಮಹೋತ್ಸವದ ವರ್ಷ ಗುರುಗಳಲ್ಲಿ ನನ್ನದೊಂದು ವಿನಂತಿ. ಒಂಬತ್ತನೆಯ ತರಗತಿಯ ಮಕ್ಕಳಿಂದ ನಮ್ಮೂರಿನ ಮತ್ತು ಸುತ್ತಲಿನ ಹಳ್ಳಿಗಳ ಹಳೆಯ ಬಾವಿಗಳ ಪಟ್ಟಿ ಮಾಡಿಸಬೇಕು. ಯಾವುದರಲ್ಲಿ ನೀರಿದೆ, ಯಾವುದನ್ನು ಮುಚ್ಚಿದ್ದಾರೆ, ಯಾವುದು ಕಸದ ಗುಂಡಿಯಾಗಿದೆ ಎಂದು ಬರೆಸಬೇಕು. ತಮ್ಮ ಓಣಿಯ ಬಾವಿಯ ಹೆಸರು ನೆನಪಿರುವ ಹಿರಿಯರು ಮಕ್ಕಳು ಮನೆಗೆ ಬಂದಾಗ ದಯವಿಟ್ಟು ಹೇಳಿ ಬರೆಸಿರಿ.