ಹಸ್ತಪ್ರತಿಗಳ ಜಾಲಿ ಮತ್ತು ಬಳ್ಳಾರಿ ಜಾಲಿ

ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರು ಪರಿಸರದ ಬಯಲುಗಳಲ್ಲಿ ಇಂದು ಹೇರಳವಾಗಿ ಕಾಣುವ ಮುಳ್ಳುಮರ ಬಳ್ಳಾರಿ ಜಾಲಿ. ಹೆಸರು ದೇಶೀಯವಾದರೂ ಇದರ ಮೂಲ ಅಮೆರಿಕ ಖಂಡ. ಇದು ಭಾರತಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಶಕ 1307ರಲ್ಲಿ (ಕ್ರಿ.ಶ. 1385) ಹಂಪೆಯಲ್ಲಿ ಕುಂಥುನಾಥ ಚೈತ್ಯಾಲಯವನ್ನು, ಎಂದರೆ ಇಂದಿನ ಗಾಣಿಗಿತ್ತಿ ಬಸದಿಯನ್ನು, ಕಟ್ಟಿಸಿದಾಗ ಈ ಮರ ಇಲ್ಲಿರಲಿಲ್ಲ.

ಆದುದರಿಂದ ಪ್ರಾಚೀನ ಗ್ರಂಥಗಳಲ್ಲಿ ಬರುವ ‘ಜಾಲಿ’ಗೆ ಬಳ್ಳಾರಿ ಜಾಲಿಯೆಂದು ಅರ್ಥ ಹೇಳುವುದು ಸಲ್ಲದು. ಅದು ಬೇರೊಂದು ಸಸ್ಯಕುಲದ ಕರಿಜಾಲಿ ಅಥವಾ ಬಿಳಿಜಾಲಿ. ಕರಿಜಾಲಿಯ ತೊಗಟೆ ಚರ್ಮ ಹದಮಾಡಲೂ ವಸಡಿನ ಕಷಾಯಕ್ಕೂ, ಎಳೆಗಡ್ಡಿ ಹಲ್ಲುಜ್ಜಲೂ, ಗಟ್ಟಿ ಮರ ನೇಗಿಲು ಗಾಲಿಗಳಿಗೂ ಒದಗುತ್ತಿತ್ತು. ಲಿಪಿಕಾರರಿಗೆ ಮುಖ್ಯವಾದುದು ಅದರ ಅಂಟು. ದೀಪದ ಕಾಡಿಗೆಯೊಡನೆ ಅದನ್ನು ಅರೆದು ಕಾಗದದ ಪ್ರತಿಗಳಿಗೆ ಮಸಿ ಸಿದ್ಧಪಡಿಸುತ್ತಿದ್ದರು. ಕಾಡಿಗೆಯ ಕಣಗಳು ಕಾಗದಕ್ಕೆ ಕಚ್ಚಿ ನಿಲ್ಲುತ್ತಿದ್ದುದು ಈ ಅಂಟಿನಿಂದಲೇ. ಕಂಟದಿಂದ ಕೊರೆಯುವ ತಾಳೆಯೋಲೆಯ ವಿಧಾನ ಬೇರೆ.

ಈ ವಿವೇಚನೆ ಕಾಲನಿರ್ಣಯಕ್ಕೂ ಸಹಾಯಕ. ಕಾಲೋಲ್ಲೇಖವಿಲ್ಲದ ವೈದ್ಯಪ್ರತಿಯೊಂದರಲ್ಲಿ ಈ ಅಮೆರಿಕ ಮೂಲದ ಮರವೇ ಸ್ಪಷ್ಟವಾಗಿ ಉಕ್ತವಾಗಿದ್ದರೆ, ಆ ಭಾಗವಾದರೂ ಅದರ ಆಗಮನದ ಅನಂತರದ್ದೆಂದೇ ತಿಳಿಯಬೇಕು. ಮೂಲಗ್ರಂಥವು ಪ್ರಾಚೀನವಾಗಿದ್ದರೆ ಆ ಭಾಗ ಪ್ರಕ್ಷಿಪ್ತವೆನಿಸುತ್ತದೆ. ಹೀಗೆ ಒಂದು ಮರದ ಹೆಸರೂ ಪಾಠಸಂಪಾದಕನಿಗೆ ಸಾಕ್ಷ್ಯವಾಗಬಲ್ಲದು.